ಇಮೆಲ್ಡಾ ತೆಳ್ಳಗಾದ ವರ್ಷ

ಇಮೆಲ್ಡಾ ಎರಡನೆಯ ಟೊರ್ಟಿಯಾ ಬೇಡವೆಂದ ದಿನದಿಂದಲೇ ಮನೆಯ ನೆಮ್ಮದಿ ಕೆಟ್ಟಿತು ಎಂದು ಅವಳ ಅತ್ತೆ ತೊಮಾಸಾ ಈಗಲೂ ಹೇಳುತ್ತಾಳೆ. ಅದು ಜನವರಿಯ ಒಂದು ಭಾನುವಾರ. ಸ್ಯಾನ್ ಆಂಟೋನಿಯೊ ನಗರದ ಪಶ್ಚಿಮ ಭಾಗದ ಆ ಪುಟ್ಟ ಮನೆಯಲ್ಲಿ ಚರ್ಚಿನಿಂದ ಬಂದ ಮೇಲೆ ನಾಲ್ವರೂ ಒಟ್ಟಿಗೆ ಕೂತು ಉಣ್ಣುವುದು ರೂಢಿ. ತೊಮಾಸಾ ಬೆಳಿಗ್ಗೆಯೇ ಎದ್ದು ಹಿಟ್ಟು ನಾದಿ, ಟೊರ್ಟಿಯಾ ಲಟ್ಟಿಸಿ, ಕಾವಲಿಯ ಮೇಲೆ ಉಬ್ಬಿಸಿ, ಬಟ್ಟೆಯಲ್ಲಿ ಸುತ್ತಿ ಮೇಜಿನ ನಡುವೆ ಇಟ್ಟಿದ್ದಳು. ಪಕ್ಕದಲ್ಲಿ ಹಂದಿಕೊಬ್ಬಿನಲ್ಲಿ ಹುರಿದು ಹಿಸುಕಿದ ಬೀನ್ಸ್ ಕಾಳು, ಅವಳ ಮಗ, ಇಮೆಲ್ಡಾಳ ಗಂಡ ರೊಹೆಲಿಯೊ ಬೀದಿ ಕೊನೆಯ ಅಂಗಡಿಯಿಂದ ತಂದ ಬಿಸಿ ಬಾರ್ಬಕೋವಾ ಮಾಂಸ, ಹಸಿಮೆಣಸಿನ ಚಟ್ನಿ.

“ಯಾಕೆ, ಉಪ್ಪು ಜಾಸ್ತಿ ಆಯ್ತಾ?” ಎಂದಳು ತೊಮಾಸಾ.

“ಇಲ್ಲ ಅತ್ತೆ. ಹೊಟ್ಟೆ ತುಂಬಿಹೋಯ್ತು.”

“ಒಂದಕ್ಕೇ? ಮದುವೆಯಾಗಿ ಬಂದಾಗಿನಿಂದ ನಿನಗೆ ಬಡಿಸ್ತಿದ್ದೀನಿ. ಒಂದಕ್ಕೆ ತುಂಬೋ ಹೊಟ್ಟೆನಾ ಅದು?”

ಮೊಮ್ಮಗಳು ನೊಯೆಮಿ ಬಾಯಲ್ಲಿ ತುತ್ತಿಟ್ಟುಕೊಂಡೇ ನಕ್ಕಳು. “ಅಜ್ಜಿ, ಅಮ್ಮನಿಗೆ ಡಾಕ್ಟರು ಇಂಜೆಕ್ಷನ್ ಕೊಟ್ಟಿದ್ದಾರೆ. ವಾರಕ್ಕೊಂದು ಚುಚ್ಕೊಳ್ಳೋದು. ಹಸಿವೇ ಆಗಲ್ವಂತೆ.”

“ಹಸಿವು ಆಗಬಾರದು ಅಂತ ಔಷಧಿನಾ? ನಮ್ಮ ಕಾಲದಲ್ಲಿ ಹಸಿವು ಆಗ್ತಿಲ್ಲ ಅಂತ ಡಾಕ್ಟರ ಹತ್ರ ಹೋಗ್ತಿದ್ವಿ.”

ಇಮೆಲ್ಡಾಳ ರಕ್ತದಲ್ಲಿ ಸಕ್ಕರೆ ಏರಿತ್ತು. ಅವಳಿಗೆ ನಲವತ್ತೈದು. ಪ್ರಾಥಮಿಕ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ. ಮಧ್ಯಾಹ್ನ ಮಕ್ಕಳ ತಟ್ಟೆಗೆ ಬಡಿಸಿ ಬಡಿಸಿ ಮೊಣಕಾಲು ನೋಯುತ್ತಿತ್ತು. ತೂಕ ಇಳಿಯದಿದ್ದರೆ ಕಣ್ಣಿಗೂ ಮೂತ್ರಪಿಂಡಕ್ಕೂ ಕುತ್ತು ಎಂದು ಡಾಕ್ಟರು ಹೆದರಿಸಿದ್ದರು. ಚಿಕ್ಕಂದಿನಿಂದಲೂ ಅವಳದು ದಪ್ಪ ಮೈ. ಮದುವೆಯಾದಾಗಲೂ ಹಾಗೇ ಇದ್ದಳು, ನೊಯೆಮಿ ಹುಟ್ಟಿದ ಮೇಲೆ ಇನ್ನಷ್ಟು ಮೈ ಬಂತು. ರೊಹೆಲಿಯೊ ಅವಳನ್ನು ‘ಡುಮ್ಮಿ’ ಎಂದೇ ಕರೆಯುತ್ತಿದ್ದ, ಅವಳೂ ಓಗೊಡುತ್ತಿದ್ದಳು. ಮಗಳು ತಾಯಿಯ ಅಚ್ಚು. ಅವಳಿಗೆ ಅಜ್ಜಿ ಇಟ್ಟ ಹೆಸರು ‘ಗುಂಡಮ್ಮ’. ಕಾವಲಿಯಿಂದ ತೆಗೆದ ಟೊರ್ಟಿಯಾಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಉಬ್ಬಿದ್ದು ಗುಂಡಮ್ಮನ ತಟ್ಟೆಗೇ. ಇಪ್ಪತ್ತರ ನೊಯೆಮಿ ಹಲ್ಲಿನ ಆಸ್ಪತ್ರೆಯ ಕೆಲಸಕ್ಕೆ ಬೇಕಾದ ಓದು ಓದುತ್ತಿದ್ದಳು. ನಕ್ಕರೆ ಬೀದಿಗೆಲ್ಲ ಕೇಳುತ್ತಿತ್ತು.

ಆ ಮನೆಯಲ್ಲಿ ಸುಂದರಿ ಎನಿಸಿಕೊಂಡವಳು ತೊಮಾಸಾ ಒಬ್ಬಳೇ. ಎಪ್ಪತ್ತು ದಾಟಿದರೂ ಬೆನ್ನು ನೆಟ್ಟಗೆ, ಸೊಂಟ ಸಣ್ಣ. ಕಸದ ಡಬ್ಬಿ ಹೊರಗಿಡಲು ಹೋಗುವಾಗಲೂ ತುಟಿಗೆ ಬಣ್ಣ ಹಚ್ಚದೆ ಬಾಗಿಲು ದಾಟಿದವಳಲ್ಲ. ಹರೆಯದಲ್ಲಿ ಬಟ್ಟೆ ಕಾರ್ಖಾನೆಯ ನೃತ್ಯಕೂಟದಲ್ಲಿ ರಾಣಿಯೆಂದು ಆಯ್ಕೆಯಾಗಿ ಕಿರೀಟ ತೊಟ್ಟ ಅವಳ ಫೋಟೊ ಹಜಾರದ ಗೋಡೆಯ ಮೇಲಿತ್ತು. ಮನೆಗೆ ಬಂದವರು ಅದನ್ನು ನೋಡಿ ಒಂದು ಮಾತಾಡದೆ ಕೂರುವ ಹಾಗಿರಲಿಲ್ಲ.

ಚಳಿ ಕಳೆಯಿತು. ಇಮೆಲ್ಡಾಳ ಬಟ್ಟೆಗಳು ಜೋಲತೊಡಗಿದವು. ಮೊದಲು ಮುಖ ಇಳಿಯಿತು, ಆಮೇಲೆ ತೋಳು, ಆಮೇಲೆ ಸೊಂಟ. ಈಸ್ಟರ್ ಹೊತ್ತಿಗೆ ಶಾಲೆಯ ಮೇಷ್ಟರುಗಳು ಅವಳ ಹೆಸರು ಹಿಡಿದು ನಮಸ್ಕಾರ ಹೇಳುತ್ತಿದ್ದರು. ಅಷ್ಟು ವರ್ಷ ಅವರಿಗೆ ಅವಳ ಹೆಸರು ಗೊತ್ತಿದ್ದುದೇ ಅವಳಿಗೆ ಗೊತ್ತಿರಲಿಲ್ಲ. ದಿನಸಿ ಅಂಗಡಿಯಲ್ಲಿ ಯಾರೋ ಬಾಗಿಲು ಹಿಡಿದು ನಿಂತು ಅವಳನ್ನು ಮುಂದೆ ಬಿಟ್ಟರು.

ಇಷ್ಟಕ್ಕೆಲ್ಲ ಹೆಚ್ಚು ಹಿಗ್ಗಿದವಳು ನೊಯೆಮಿ. ಶನಿವಾರ ಅಮ್ಮನನ್ನು ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ, ಹೆಗಲಿಗೆ ಹಳೇ ಟವೆಲ್ ಹೊದಿಸಿ, ಬಿಳಿಗೂದಲಿಗೆ ಬಣ್ಣ ಹಚ್ಚಿ, ಹುಬ್ಬು ತಿದ್ದಿದಳು.

“ಅಲ್ಲಾಡ್ಬೇಡ. ಅಮ್ಮಾ, ನಿನಗೆ ಕೆನ್ನೆ ಮೂಳೆ ಇದೆ! ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದೆ?”

“ನಿನಗೂ ಇದೆ ಕಣೆ. ಒಳಗಡೆ.”

“ಇರ್ಲಿ ಬಿಡು, ಅಲ್ಲೇ ಬೆಚ್ಚಗಿರ್ಲಿ” ಎಂದು ನೊಯೆಮಿ ನಕ್ಕಳು. ಅಜ್ಜಿ ಬಂದು ಕನ್ನಡಿ ಹಿಡಿದಳು. ಇಮೆಲ್ಡಾ ಬಹಳ ಹೊತ್ತು ನೋಡಿಕೊಂಡಳು.

“ಚೆನ್ನಾಗೇ ಕಾಣ್ತೀಯ. ಅದಕ್ಕೇನು” ಎಂದಳು ತೊಮಾಸಾ. “ಆದ್ರೆ ನಾನು ಮಾಡಿದ್ದನ್ನ ತಿನ್ನೋರು ಯಾರು? ಮೊನ್ನೆ ಮಾಡಿದ ಸಾರು ಅರ್ಧ ಚೆಲ್ಲಿದೆ. ಹಿಟ್ಟು ನಾದೋಕೆ ಕೈ ಬರಲ್ಲ ಈಗ.”

“ನಾನಿದ್ದೀನಲ್ಲ ಅಜ್ಜಿ” ಎಂದಳು ನೊಯೆಮಿ.

“ನೀನೊಬ್ಬಳೇ ಈ ಮನೆ ಮರ್ಯಾದೆ ಉಳಿಸಿರೋದು, ಗುಂಡಮ್ಮ.”

ರೊಹೆಲಿಯೊ ಬದಲಾದ. ಏಸಿ ರಿಪೇರಿಯ ಕೆಲಸ ಅವನದು. ಬಿಸಿಲಲ್ಲಿ ಮನೆಗಳ ಅಟ್ಟ ಹತ್ತಿ ಇಳಿದು ಬಂದು, ಸ್ನಾನ ಮಾಡಿ, ಊಟ ಮುಗಿಸಿ, ಟೀವಿ ಮುಂದೆ ನಿದ್ದೆ ಹೋಗುವುದು ಅವನ ದಿನಚರಿಯಾಗಿತ್ತು. ಈಗ ಶುಕ್ರವಾರ ಸಂಜೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, “ಎದ್ದೇಳು, ಡ್ಯಾನ್ಸಿಗೆ ಹೋಗೋಣ” ಎನ್ನುತ್ತಿದ್ದ. ಅಂಗಡಿಯಲ್ಲಿ ಸಾಮಾನು ಆರಿಸುವಾಗ ಅವಳ ಸೊಂಟದ ಮೇಲೆ ಕೈಯಿಡುತ್ತಿದ್ದ. ಒಂದು ಕೆಂಪು ಉಡುಪನ್ನೂ ತಾನೇ ಹೋಗಿ ತಂದ. ಅವಳ ಮೈಗೆ ಅದು ಸರಿಯಾಗಿ ಕೂತಿತು. ಇಮೆಲ್ಡಾ ಕನ್ನಡಿ ಮುಂದೆ ತಿರುಗಿ ತಿರುಗಿ ನೋಡಿಕೊಂಡಳು. ತನ್ನ ಗಂಡ ಇಷ್ಟು ಚೆನ್ನಾಗಿ ಹೆಜ್ಜೆ ಹಾಕುತ್ತಾನೆಂದು ಅವಳಿಗೆ ತಿಳಿದದ್ದೂ ಆ ವಸಂತದಲ್ಲೇ.

ಮೇ ತಿಂಗಳಲ್ಲಿ ರೊಹೆಲಿಯೊನ ಕಂಪನಿಯವರೆಲ್ಲ ಸಂಸಾರ ಸಮೇತ ಪಾರ್ಕಿನಲ್ಲಿ ಸೇರಿದರು. ಇಮೆಲ್ಡಾ ಕೆಂಪು ಉಡುಪು ತೊಟ್ಟು ಹೋದಳು. ಒಲೆಯ ಮೇಲೆ ಮಾಂಸ ಸುಡುತ್ತಿತ್ತು, ಮಕ್ಕಳು ನೀರಲ್ಲಿ ಕಿರುಚುತ್ತಿದ್ದರು. ರೊಹೆಲಿಯೊ ಅವಳ ಕೈ ಹಿಡಿದು ಒಬ್ಬೊಬ್ಬರಿಗೂ “ನನ್ನ ಹೆಂಡ್ತಿ” ಎಂದು ಪರಿಚಯಿಸಿದ. ಅವನ ಜೊತೆಗಾರನ ಹೆಂಡತಿಯೊಬ್ಬಳು ತಟ್ಟೆ ಕೆಳಗಿಟ್ಟು ಬಂದು ತಬ್ಬಿಕೊಂಡಳು.

“ಅಯ್ಯೋ, ನೀವೇನಾ ಇಮೆಲ್ಡಾ! ಕೊನೆಗೂ ಬಂದ್ರಲ್ಲ. ಪ್ರತಿ ವರ್ಷ ಕೇಳ್ತಿದ್ವಿ. ‘ಅವಳಿಗೆ ಜನರ ಮುಂದೆ ಬರೋದು ಇಷ್ಟ ಇಲ್ಲ’ ಅಂತಿದ್ರು ನಿಮ್ಮವರು. ನಾವೆಲ್ಲ ನೀವು ಬಹಳ ಮುಜುಗರದವರು ಅಂದ್ಕೊಂಡಿದ್ವಿ.”

ಇಮೆಲ್ಡಾ ಗಂಡನ ಕಡೆ ನೋಡಿದಳು. ಅವನು ಒಲೆಯ ಕಡೆ ನೋಡುತ್ತಿದ್ದ.

“ಈಗ ಇಷ್ಟ ಆಗಿದೆ” ಎಂದು ಅವಳು ನಕ್ಕಳು.

ಸಂಜೆಯವರೆಗೂ ನಗುತ್ತಲೇ ಇದ್ದಳು. ಹಿಂತಿರುಗುವಾಗ ಗಂಡನ ಕೆಲಸದ ಟ್ರಕ್ಕಿನ ಬಾಗಿಲು ಹಾಕಿಕೊಂಡ ಮೇಲೆ ಕೇಳಿದಳು:

“ಪ್ರತಿ ವರ್ಷ ನಡೀತಿತ್ತಾ ಇದು?”

“ಏನು?”

“ಈ ಪಿಕ್‌ನಿಕ್ಕು. ಇಂಥದ್ದೊಂದು ಇದೆ ಅಂತಾನೇ ನನಗೆ ಗೊತ್ತಿರಲಿಲ್ಲ.”

“ಎಂಥದ್ದೂ ಇಲ್ಲ ಅಲ್ಲಿ. ಬರೀ ಬಿಯರು, ಗಲಾಟೆ. ನಿನಗೆ ಬೇಜಾರಾಗುತ್ತೆ ಅಂತ...”

“ಕ್ರಿಸ್ಮಸ್ ಪಾರ್ಟಿ?”

ಅವನು ಟ್ರಕ್ಕು ಚಾಲೂ ಮಾಡಿದ.

“ಕಂಪನಿಯವರು ಹೆಂಡ್ತೀರನ್ನ ಕರೆಯಲ್ಲ ಅಂದಿದ್ದೆ. ನಾನು ನಿನ್ನ ಅಂಗಿ ಇಸ್ತ್ರಿ ಮಾಡಿ ಕಳಿಸ್ತಿದ್ದೆ, ರೊಹೆಲಿಯೊ.”

“ಏನಾದ್ರೂ ಅಂದುಬಿಡ್ತಾರೆ ಅಂತ ಇಮೆಲ್ಡಾ. ಅವರ ಬಾಯಿ ನಿನಗೆ ಗೊತ್ತಿಲ್ಲ. ನಿನಗೆ ನೋವಾಗಬಾರದು ಅಂತ.”

“ನನ್ನ ಮೇಲೆ ಪ್ರೀತಿ ಇರಲಿಲ್ವಾ?”

“ಇತ್ತು! ಯಾವಾಗ್ಲೂ ಇತ್ತು. ನೀನೇ ಹೇಳು, ಇರಲಿಲ್ವಾ?”

“ಇತ್ತು. ಮನೆಯೊಳಗೆ” ಎಂದಳು ಇಮೆಲ್ಡಾ.

ಮನೆಗೆ ಬಂದವಳು ಉಡುಪು ಕಳಚಿ ಹಳೆಯ ಅಂಗಿ ತೊಟ್ಟು ಅಡುಗೆಮನೆಯಲ್ಲಿ ಕೂತಳು. ನೊಯೆಮಿ ಪುಸ್ತಕ ಬಿಟ್ಟು ಬಂದಳು. ಇಮೆಲ್ಡಾ ಎಲ್ಲ ಹೇಳಿಕೊಂಡು ಅತ್ತಳು. ಯಾರ ಮುಂದೆ ಹೇಳಬೇಕು, ಯಾರ ಮುಂದೆ ಹೇಳಬಾರದು ಎಂಬ ಯೋಚನೆ ಆಗ ಬರಲಿಲ್ಲ. ನೊಯೆಮಿ ಅಮ್ಮನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

“ಅಪ್ಪನಿಗೆ ನಾಚಿಕೆ ಆಗ್ಬೇಕು. ನಿನಗಲ್ಲ” ಎಂದಳು. “ನೀನು ಆಗ್ಲೂ ಚೆನ್ನಾಗಿದ್ದೆ ಅಮ್ಮ. ಕೇಳಿಸ್ತಾ?”

ಒಂದು ವಾರ ಅವಳು ಅಪ್ಪನ ಜೊತೆ ಮಾತು ಬಿಟ್ಟಳು. ಅವನು ತಟ್ಟೆ ಮುಂದೆ ಚಾಚಿದರೆ ಬೀನ್ಸಿನ ಪಾತ್ರೆಯನ್ನು ಅವನ ಕಡೆ ತಳ್ಳುತ್ತಿದ್ದಳು, ಅಷ್ಟೇ. ರೊಹೆಲಿಯೊ ತಲೆ ತಗ್ಗಿಸಿ ಉಂಡು ಎದ್ದು ಹೋಗುತ್ತಿದ್ದ. ‘ಡುಮ್ಮಿ’ ಎಂಬ ಮಾತು ಆ ಮನೆಯಲ್ಲಿ ಮತ್ತೆ ಕೇಳಿಸಲಿಲ್ಲ. ಅದರ ಬದಲಿಗೆ ಹೆಂಡತಿಯನ್ನು ಏನೆಂದು ಕರೆಯಬೇಕೋ ಅವನಿಗೆ ತಿಳಿಯಲಿಲ್ಲ.

ಇದೇ ಹೊತ್ತಿಗೆ ಮದುವೆ ಬಂತು. ರೊಹೆಲಿಯೊನ ಅಕ್ಕ ಲೆತಿಸಿಯಾಳ ಮಗಳು ಬ್ರೆಂಡಾಗೆ ಜುಲೈಯಲ್ಲಿ ಮದುವೆ. ಬ್ರೆಂಡಾ ಮತ್ತು ನೊಯೆಮಿ ಒಂದೇ ತೊಟ್ಟಿಲಲ್ಲಿ ಆಡಿ ಬೆಳೆದವರು. ಚರ್ಚಿನಲ್ಲಿ ಮದುಮಗಳ ಪಕ್ಕ ಸಾಲಾಗಿ ನಿಲ್ಲುವ ಗೆಳತಿಯರಲ್ಲಿ ನೊಯೆಮಿಯದೇ ಮೊದಲ ಹೆಸರು. ತೋಳಿಲ್ಲದ ತಿಳಿಹಸಿರು ಸ್ಯಾಟಿನ್ ಉಡುಪು, ಎಲ್ಲರಿಗೂ ಒಂದೇ ಬಗೆ. ಅಳತೆ ನೋಡಲು ಅಂಗಡಿಗೆ ಹೋದ ದಿನ ಇಮೆಲ್ಡಾಳೂ ಜೊತೆಗಿದ್ದಳು.

ನೊಯೆಮಿಯ ಉಡುಪಿನ ಜಿಪ್ಪು ಅರ್ಧಕ್ಕೇ ನಿಂತಿತು.

“ಬಿಡಿ, ಬಲವಂತ ಮಾಡ್ಬೇಡಿ” ಎಂದಳು ದರ್ಜಿ ಹೆಂಗಸು. “ಒಳಗೆ ಬಟ್ಟೆ ಬಿಟ್ಟಿದ್ದೀವಿ. ಬಿಚ್ಚಿ ಹೊಲಿದುಕೊಡ್ತೀನಿ.”

“ಇದು ಬಟ್ಟೆ ತಪ್ಪು” ಎಂದಳು ನೊಯೆಮಿ, ಕನ್ನಡಿಯಲ್ಲಿ ಬೆನ್ನು ನೋಡಿಕೊಳ್ಳುತ್ತ. “ನಾನು ಸರಿಯಾಗೇ ಇದ್ದೀನಿ.”

ಹುಡುಗಿಯರೆಲ್ಲ ನಕ್ಕರು. ಬ್ರೆಂಡಾ ಅವಳನ್ನು ಹಿಂದಿನಿಂದ ತಬ್ಬಿಕೊಂಡಳು. ಎಲ್ಲರೂ ಸಾಲಾಗಿ ಕನ್ನಡಿಯ ಮುಂದೆ ನಿಂತರು. ಇಮೆಲ್ಡಾ ಹಿಂದೆ ಬೆಂಚಿನ ಮೇಲೆ ಕೂತು ನೋಡುತ್ತಿದ್ದಳು. ಸಣ್ಣ ಸೊಂಟದ ಹುಡುಗಿಯರ ನಡುವೆ ತನ್ನ ಮಗಳು, ತೆರೆದ ಜಿಪ್ಪಿನಿಂದ ಕಾಣುವ ಅಗಲವಾದ ಬೆನ್ನು, ತುಂಬಿದ ತೋಳು. ಅಂಗಡಿಗೆ ಬಂದ ಯಾರೋ ಹೆಂಗಸು ಆ ಸಾಲನ್ನು ನೋಡಿ, ನೊಯೆಮಿಯ ಮೇಲೆ ಕಣ್ಣು ನಿಲ್ಲಿಸಿ, ಮುಂದೆ ಹೋದಳು. ಅಷ್ಟೇ ನಡೆದದ್ದು.

ಮರುದಿನ ಇಮೆಲ್ಡಾ ಮಗಳ ಎದುರು ತನ್ನ ಔಷಧಿಯ ಮಾತೆತ್ತಿದಳು.

“ಡಾಕ್ಟರನ್ನ ಒಂದ್ಸಲ ಕೇಳೋಣ್ವಾ? ನಿನಗೂ...”

“ನನಗೆ ಸಕ್ಕರೆ ಇಲ್ಲ ಅಮ್ಮ.”

“ಮುಂದೆ ಬರಬಾರದು ಅಂತ.”

“ಬಂದಾಗ ನೋಡೋಣ. ಆ ಚೀಸ್ ಇಲ್ಲಿ ಕೊಡು.”

ಇಮೆಲ್ಡಾ ಚೀಸ್ ಕೊಡಲು ಒಂದು ಕ್ಷಣ ತಡಮಾಡಿದಳು. ನೊಯೆಮಿ ಅದನ್ನು ಗಮನಿಸಿದಳು.

ಆ ವಾರವೇ ಇಮೆಲ್ಡಾ ಲೆತಿಸಿಯಾಗೆ ಫೋನ್ ಮಾಡಿದಳು. ಶಾಲೆಯ ಅಡುಗೆಮನೆಯ ಹಿಂದೆ, ಖಾಲಿ ಹಾಲಿನ ಕ್ರೇಟುಗಳ ಪಕ್ಕ ನಿಂತು ಮಾತಾಡಿದಳು.

“ಲೆತಿ, ನೊಯೆಮಿಗೆ ಜನರ ಮುಂದೆ ಬರೋದು ಇಷ್ಟ ಇಲ್ಲ. ಬ್ರೆಂಡಾಗೆ ಬೇಜಾರಾಗುತ್ತೆ ಅಂತ ಬಾಯಿ ಬಿಡ್ತಿಲ್ಲ. ಬಾಗಿಲ ಹತ್ರ ಬಂದೋರ ಕೈಲಿ ಪುಸ್ತಕಕ್ಕೆ ಸಹಿ ಹಾಕಿಸೋ ಮೇಜು ಇರುತ್ತಲ್ಲ, ಅಲ್ಲಿ ಕೂರಿಸಿದ್ರೆ ಆಗಲ್ವಾ?”

ಲೆತಿಸಿಯಾ, “ನಾನೂ ಅದನ್ನೇ ಯೋಚಿಸ್ತಿದ್ದೆ ಕಣೆ. ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ. ಫೋಟೊ ತೆಗೆಯೋರು ಕೂಡ ಸಾಲು ಸಮನಾಗಿ ಇರ್ಬೇಕು ಅಂತಿದ್ರು” ಎಂದಳು. ಅವಳ ದನಿಯಲ್ಲಿ ಹೊರೆ ಇಳಿದಂತಿತ್ತು. ಇಮೆಲ್ಡಾಗೂ ಹಗುರವೆನಿಸಿತು. ಮಗಳನ್ನು ಒಂದು ಅವಮಾನದಿಂದ ಪಾರು ಮಾಡಿದೆ ಎಂದುಕೊಂಡು ಒಳಗೆ ಹೋಗಿ ಕೆಲಸಕ್ಕೆ ನಿಂತಳು.

ಗುರುವಾರ ಸಂಜೆ ನೊಯೆಮಿ ಕಾಲೇಜಿನಿಂದ ತಡವಾಗಿ ಬಂದಳು. ಇಮೆಲ್ಡಾ ಪಾತ್ರೆ ತೊಳೆಯುತ್ತಿದ್ದಳು. ತೊಮಾಸಾ ಮೇಜಿನಲ್ಲಿ ಕೂತು ಬೀನ್ಸ್ ಕಾಳು ಆರಿಸಿ ಕಲ್ಲು ತೆಗೆಯುತ್ತಿದ್ದಳು. ನೊಯೆಮಿ ಚೀಲ ಕೂಡ ಇಳಿಸಲಿಲ್ಲ.

“ನನಗೆ ಜನರ ಮುಂದೆ ಬರೋದು ಇಷ್ಟ ಇಲ್ವಾ ಅಮ್ಮ?”

ಇಮೆಲ್ಡಾ ನಲ್ಲಿ ನಿಲ್ಲಿಸಿದಳು. “ಬ್ರೆಂಡಾ ಹೇಳಿದ್ಲಾ?”

“ಅತ್ತುಬಿಟ್ಲು ಅವಳು. ‘ನನ್ನ ಪಕ್ಕ ನಿಲ್ಲೋಕೆ ಮನಸ್ಸಿಲ್ಲದಿದ್ರೆ ನನಗೇ ಹೇಳಬಹುದಿತ್ತಲ್ಲ, ನಿಮ್ಮಮ್ಮನ ಕೈಲಿ ಯಾಕೆ ಹೇಳಿಸ್ದೆ’ ಅಂದ್ಲು. ನನಗೆ ಏನು ಹೇಳ್ಬೇಕು ಅಂತಾನೇ ತೋಚಲಿಲ್ಲ. ಹೌದು, ನನಗೆ ಇಷ್ಟ ಇಲ್ಲ ಅಂದೆ. ನಿನ್ನ ಮಾನ ಹೋಗಬಾರದು ಅಂತ.”

“ನಿನ್ನ ಒಳ್ಳೇದಕ್ಕೇ ಕಣೆ ಮಾಡಿದ್ದು. ಆ ಹುಡುಗೀರ ಸಾಲಲ್ಲಿ ನಿಂತ್ರೆ ಜನ ಏನಂತಾರೆ ಅಂತ ನಿನಗೆ ಗೊತ್ತಿಲ್ಲ. ನನಗೆ ಗೊತ್ತು. ನಾನು ಅನುಭವಿಸಿದ್ದೀನಿ.”

“ಜನ ಏನೂ ಅನ್ನಲಿಲ್ಲ ಅಮ್ಮ. ಅಂದದ್ದು ನೀನು.”

“ನೊಯೆಮಿ...”

“ಅಪ್ಪ ನಿನ್ನ ಬಗ್ಗೆ ಹೇಳಿದ್ದೂ ಇದೇ ಮಾತು. ಒಂದು ಪದ ಕೂಡ ಬದಲಾಯಿಸಲಿಲ್ಲ ನೀನು. ಇದೇ ಕುರ್ಚಿಲಿ ಕೂತು ನನ್ನ ಹತ್ರ ಅತ್ತಿದ್ದೆಯಲ್ಲ, ಆಗ ನಾನು ಏನಂದಿದ್ದೆ? ಏನಂದಿದ್ದೆ ಹೇಳು?”

ಇಮೆಲ್ಡಾ ಮಗಳ ಕಡೆ ಒಂದು ಹೆಜ್ಜೆ ಇಟ್ಟಳು. ಒದ್ದೆ ಕೈಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

“ಫೋನ್ ಮಾಡ್ತೀನಿ” ಎಂದಳು ಕೊನೆಗೆ. “ಈಗ್ಲೇ ಲೆತಿಗೆ ಫೋನ್ ಮಾಡಿ ತಪ್ಪಾಯ್ತು ಅಂತೀನಿ. ಆ ಉಡುಪು...”

“ಬೇಡ. ಬೇರೆ ಹುಡುಗಿ ಸಿಕ್ಕಿದ್ದಾಳೆ. ಅವಳಿಗೆ ಅದು ಸರಿಯಾಗುತ್ತಂತೆ, ಸ್ವಲ್ಪ ಚಿಕ್ಕದು ಮಾಡಿದ್ರೆ.”

ನೊಯೆಮಿ ಒಳಗೆ ಹೋದಳು. ತೊಮಾಸಾ ಆರಿಸಿದ ಬೀನ್ಸನ್ನೇ ಮತ್ತೆ ಆರಿಸುತ್ತ ಕೂತಿದ್ದಳು.

ಮದುವೆಯ ದಿನ ನೊಯೆಮಿ ತನ್ನದೇ ಹಳದಿ ಉಡುಪು ತೊಟ್ಟು ಬಾಗಿಲ ಬಳಿ ಮೇಜಿನಲ್ಲಿ ಕೂತಳು. ಬಂದವರಿಗೆಲ್ಲ ಪೆನ್ನು ಕೊಟ್ಟಳು, ಮುದುಕರಿಗೆ ಕುರ್ಚಿ ತೋರಿಸಿದಳು, ಮಕ್ಕಳಿಗೆ ಮಿಠಾಯಿ ಹಂಚಿದಳು. ಅವಳ ಮುಖದಲ್ಲಿ ಬೇಸರದ ಒಂದು ಗೆರೆ ಹುಡುಕಿದರೂ ಸಿಗುತ್ತಿರಲಿಲ್ಲ. ಒಳಗೆ ನೆಂಟರಿಷ್ಟರು ಇಮೆಲ್ಡಾಳನ್ನು ಮುತ್ತಿಕೊಂಡರು. “ಇಷ್ಟು ದೊಡ್ಡ ಮಗಳಿದ್ದಾಳೆ ಅಂದ್ರೆ ನಂಬೋರುಂಟಾ!” “ಏನು ತಿಂತೀಯ, ನಮಗೂ ಹೇಳು.” ಅವಳು ಆ ಮಾತುಗಳಿಗಾಗಿ ಇಡೀ ಬದುಕು ಕಾದಿದ್ದಳು. ಅವು ಬಂದಾಗ ಅವಳ ಕಣ್ಣು ಬಾಗಿಲ ಕಡೆಗೇ ಇತ್ತು.

ಮನೆಯವರ ಫೋಟೊಗೆ ಕರೆದಾಗ ರೊಹೆಲಿಯೊ ಮಗಳನ್ನು ಕರೆಯಲು ಹೋದ. ಬರಿಗೈಲಿ ಬಂದ.

“ಮೇಜು ಬಿಟ್ಟು ಬರೋಕಾಗಲ್ವಂತೆ. ಯಾರಾದ್ರೂ ಬಂದ್ರೆ ಅಂತಾಳೆ.”

“ಇನ್ಯಾರು ಬರ್ತಾರೆ ಈಗ? ಊಟಾನೇ ಮುಗೀತಾ ಬಂತು” ಎಂದಳು ಇಮೆಲ್ಡಾ.

ಫೋಟೊ ತೆಗೆಯುವವನು ಅವಸರ ಮಾಡಿದ. ಮೂವರೇ ನಿಂತರು. ತೊಮಾಸಾ ಕ್ಯಾಮೆರಾ ಕಡೆ ನೋಡಲಿಲ್ಲ.

ಆಗಸ್ಟಿನಲ್ಲಿ ನೊಯೆಮಿ ಕಾಲೇಜಿನ ಹತ್ತಿರ ಇಬ್ಬರು ಗೆಳತಿಯರ ಜೊತೆ ಮನೆ ಹಿಡಿದಳು. ಬಸ್ಸಿನಲ್ಲಿ ಹೋಗಿ ಬರುವುದು ತಡವಾಗುತ್ತದೆ ಎಂಬ ಕಾರಣ ಕೊಟ್ಟಳು. ಅದು ಸುಳ್ಳೂ ಅಲ್ಲ. ಅವಳ ಹಾಸಿಗೆ, ಪುಸ್ತಕ, ಬಟ್ಟೆಯ ಪೆಟ್ಟಿಗೆ ಎಲ್ಲ ರೊಹೆಲಿಯೊನ ಟ್ರಕ್ಕಿನಲ್ಲಿ ಹೋಯಿತು. ಸಾಮಾನು ಇಳಿಸಿ ಬಂದವನು ಊಟಕ್ಕೆ ಕೂತು, ತುತ್ತು ಕೈಯಲ್ಲೇ ಹಿಡಿದು ಹೇಳಿದ:

“ನಾನು ಶುರು ಮಾಡಿದ್ದು. ನನ್ನಿಂದಲೇ ಶುರುವಾದದ್ದು ಇದು.”

“ಉಣ್ಣು” ಎಂದಳು ಇಮೆಲ್ಡಾ.

ಮನೆಯಲ್ಲಿ ಅಡುಗೆ ಇನ್ನೂ ಕಡಿಮೆಯಾಯಿತು. ಒಂದು ಸಂಜೆ ಅತ್ತೆ ಸೊಸೆ ಇಬ್ಬರೇ ಒಗೆದ ಬಟ್ಟೆ ಮಡಚುತ್ತಿದ್ದರು. ತೊಮಾಸಾ ಒಂದು ಟವೆಲನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

“ನಿನ್ನ ಮದುವೇಲಿ ಫೋಟೊದವನಿಗೆ ನಾನು ಹೇಳಿದ್ದೆ. ಹುಡುಗೀನ ಕೂರಿಸಿ ತೆಗಿ, ಸೊಂಟ ಕಾಣಬಾರದು ಅಂತ.”

“ಗೊತ್ತು ಅತ್ತೆ. ಅಲ್ಲೇ ಇದ್ನಲ್ಲ ನಾನು. ಕೇಳಿಸ್ತು.”

“ಕೇಳಿಸ್ತಾ? ಇಷ್ಟು ವರ್ಷ ಒಂದು ಮಾತು ಆಡಲಿಲ್ವಲ್ಲೇ.”

“ಏನು ಆಡೋದು? ನೀವು ಹೇಳಿದ್ದು ನಿಜ ಅಂತಾನೇ ಅಂದ್ಕೊಂಡಿದ್ದೆ.”

ತೊಮಾಸಾ ಟವೆಲುಗಳನ್ನು ಎತ್ತಿಕೊಂಡು ಎದ್ದಳು. ಬಾಗಿಲಲ್ಲಿ ನಿಂತು, “ನನ್ನನ್ನ ನೋಡು. ಕಿರೀಟ ಹಾಕಿದ್ರು. ಆಮೇಲೆ ಯಾರೂ ನನ್ನ ಹತ್ರ ಬೇರೆ ಏನೂ ಕೇಳ್ಲಿಲ್ಲ. ನಾನು ಏನು ಮಾಡಬಲ್ಲೆ ಅಂತಾನೂ ಕೇಳ್ಲಿಲ್ಲ. ನಾನೂ ಬೇರೇನೂ ಕಲೀಲಿಲ್ಲ” ಎಂದು ಒಳಗೆ ಹೋದಳು.

ನೊಯೆಮಿ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಅಜ್ಜಿಯ ಆರೋಗ್ಯ, ಅಪ್ಪನ ಬೆನ್ನುನೋವು, ಪರೀಕ್ಷೆ, ಇಷ್ಟೇ ಮಾತು. ಇಮೆಲ್ಡಾ ಫೋನಿನಲ್ಲೇ ಕ್ಷಮೆ ಕೇಳಲು ಹೊರಟರೆ, “ಅಮ್ಮಾ, ಕ್ಲಾಸಿಗೆ ಹೊತ್ತಾಯ್ತು” ಎನ್ನುತ್ತಿದ್ದಳು. ಭಾನುವಾರ ಬಾ ಎಂದರೆ ಕೆಲಸವಿದೆ ಎನ್ನುತ್ತಿದ್ದಳು. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೂ ಗೆಳತಿಯ ಮನೆಗೆ ಹೋದಳು.

ಕ್ರಿಸ್ಮಸ್‌ಗೆ ಮುಂಚಿನ ಶನಿವಾರ ತಮಾಲೆ ಮಾಡುವ ದಿನ. ಅದನ್ನು ಯಾರೂ ತಪ್ಪಿಸುವಂತಿಲ್ಲ. ಮೆಕ್ಕೆಜೋಳದ ಒಣ ಸಿಪ್ಪೆಗಳು ಬಕೆಟಿನಲ್ಲಿ ನೆನೆಯುತ್ತಿದ್ದವು. ದೊಡ್ಡ ಬೋಗುಣಿಯಲ್ಲಿ ಕೊಬ್ಬು ಸೇರಿಸಿ ನಾದಿದ ಮೆಕ್ಕೆಜೋಳದ ಹಿಟ್ಟು, ಇನ್ನೊಂದರಲ್ಲಿ ಕೆಂಪು ಮೆಣಸಿನಲ್ಲಿ ಬೇಯಿಸಿದ ಹಂದಿಮಾಂಸ. ಲೆತಿಸಿಯಾ ಬಂದಿದ್ದಳು, ಬ್ರೆಂಡಾ ಗಂಡನ ಜೊತೆ ಬಂದಿದ್ದಳು. ಎಲ್ಲರೂ ಮೇಜಿನ ಸುತ್ತ ಕೂತು ಸಿಪ್ಪೆಗೆ ಹಿಟ್ಟು ಸವರಿ, ಮಾಂಸ ಇಟ್ಟು, ಸುತ್ತಿ ಜೋಡಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಬಾಗಿಲು ತೆರೆಯಿತು.

ಎಲ್ಲರೂ ಒಟ್ಟಿಗೆ ಮಾತಾಡಿದರು.

“ನೊಯೆಮಿ! ದೇವರೇ, ನೀನೇನಾ ಇದು?”

“ತಿರುಗು, ತಿರುಗು, ನೋಡೋಣ. ಎಷ್ಟು ಚೆನ್ನಾಗಿ ಕಾಣ್ತೀಯ!”

“ಅಮ್ಮನ ಕೆನ್ನೆ ಮೂಳೆ ಬಂದಿದೆ ನೋಡು” ಎಂದಳು ಲೆತಿಸಿಯಾ. “ಅದೇ ಔಷಧಿನಾ?”

“ಇಲ್ಲ ಅತ್ತೆ. ಔಷಧಿ ಏನೂ ಇಲ್ಲ. ತಿನ್ನೋದು ಸ್ವಲ್ಪ ಕಡಿಮೆ ಮಾಡಿದೆ.”

ಅವಳು ನಿಜಕ್ಕೂ ತೆಳ್ಳಗಾಗಿದ್ದಳು. ಕಪ್ಪು ಪ್ಯಾಂಟು ಬೆಲ್ಟಿನಲ್ಲಿ ನಿಂತಿತ್ತು. ಕತ್ತಿನ ಕೆಳಗೆ ಎರಡೂ ಕಡೆ ಎಲುಬು ಎದ್ದು ಕಾಣುತ್ತಿತ್ತು. ಎಲ್ಲರನ್ನೂ ತಬ್ಬಿಕೊಂಡಳು, ಎಲ್ಲರ ಮಾತಿಗೂ ನಕ್ಕಳು. ಆ ನಗು ಈಗ ಕೋಣೆ ದಾಟುತ್ತಿರಲಿಲ್ಲ. ತೊಮಾಸಾ ಹಿಟ್ಟಿನ ಕೈಯಲ್ಲೇ ಮೊಮ್ಮಗಳ ಮುಂಗೈ ಹಿಡಿದು ನೋಡಿದಳು.

“ಏನೇ ಇದು, ಕೋಳಿಕಾಲು. ಕೂತ್ಕೋ, ಮೊದಲು ತಿನ್ನು.”

“ತಿಂದು ಬಂದೆ ಅಜ್ಜಿ.”

ರೊಹೆಲಿಯೊ ಬಾಗಿಲಲ್ಲಿ ನಿಂತು ಮಗಳನ್ನೇ ನೋಡುತ್ತಿದ್ದ. ಏನಾದರೂ ಒಳ್ಳೆಯ ಮಾತು ಹೇಳಬೇಕೆಂದು ಅವನು ತಡಕಾಡುತ್ತಿರುವುದು ಕಾಣುತ್ತಿತ್ತು. “ಚೆನ್ನಾಗಿದ್ದೀಯ ಮಗಳೇ” ಎಂದ. ಹೇಳಿದ ಮೇಲೆ ಹೆಂಡತಿಯ ಮುಖ ನೋಡಿ ಹಿತ್ತಲಿಗೆ ಹೋದ.

ಪಾತ್ರೆಗಳನ್ನು ತೊಳೆಯಲು ತೊಟ್ಟಿಗೆ ಹಾಕುವಾಗ ತಾಯಿ ಮಗಳು ಇಬ್ಬರೇ ಸಿಕ್ಕರು. ಇಮೆಲ್ಡಾ ತಿಂಗಳುಗಳಿಂದ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿದಳು.

“ತಪ್ಪಾಯ್ತು ಕಣೆ ನನ್ನಿಂದ. ಆ ಫೋನ್ ಮಾಡಬಾರದಿತ್ತು. ನಿನ್ನಲ್ಲಿ ಒಂದು ಕೊರತೆನೂ ಇರಲಿಲ್ಲ. ನನ್ನ ಕಣ್ಣು ಕೆಟ್ಟಿತ್ತು. ಬಯ್ಯಿ ನನಗೆ. ನಾಲ್ಕು ಜನರ ಮುಂದೆ ಬೇಕಾದ್ರೂ ಬಯ್ಯಿ.”

ನೊಯೆಮಿ ಒಂದು ತಟ್ಟೆ ಒರೆಸಿ ಇಟ್ಟಳು. ಅವಳಲ್ಲಿ ಸಿಟ್ಟಿರಲಿಲ್ಲ.

“ಯಾಕೆ ಬಯ್ಯಲಿ? ನೀನು ಹೇಳಿದ್ದು ಸರಿಯಾಗೇ ಇತ್ತು ಅಮ್ಮ.”

“ಇರಲಿಲ್ಲ!”

“ಇತ್ತು. ನನಗೆ ಆಗ ಗೊತ್ತಿರಲಿಲ್ಲ, ಅಷ್ಟೇ. ಈಗ ಕಾಲೇಜಲ್ಲಿ ಎಲ್ಲರೂ ಎಷ್ಟು ಚೆನ್ನಾಗಿ ಮಾತಾಡಿಸ್ತಾರೆ ಗೊತ್ತಾ? ಮೊದಲು ಎದುರಿಗೆ ಬಂದ್ರೂ ನೋಡದೆ ಇದ್ದೋರು. ನೀನು ನನ್ನ ಒಳ್ಳೇದಕ್ಕೇ ಹೇಳಿದ್ದು.” ಅಮ್ಮನ ಹೆಗಲ ಮೇಲೆ ಕೈಯಿಟ್ಟು, “ಅಳಬೇಡ. ಎಲ್ಲ ಸರಿಹೋಯ್ತಲ್ಲ” ಎಂದಳು.

ಇಮೆಲ್ಡಾಗೆ ಅವಳು ಕಿರುಚಿದ್ದರೆ, ಪಾತ್ರೆ ಎಸೆದಿದ್ದರೆ ಎಂದು ಆಸೆಯಾಯಿತು.

ತಮಾಲೆ ಬೆಂದವು. ಹಬೆಯಾಡುವ ಪಾತ್ರೆಯನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ಬಡಿಸಿದರು. ನೊಯೆಮಿಯ ತಟ್ಟೆಗೆ ಇಮೆಲ್ಡಾ ತಾನೇ ಒಂದು ಹಾಕಿದಳು. ನೊಯೆಮಿ ಬೇಡವೆನ್ನಲಿಲ್ಲ. ಸಿಪ್ಪೆ ಬಿಡಿಸಿದಳು, ಫೋರ್ಕಿನಿಂದ ಸಣ್ಣಗೆ ಕತ್ತರಿಸಿದಳು, ಬ್ರೆಂಡಾಳ ಹೊಸ ಮನೆಯ ವಿಚಾರ ಕೇಳಿದಳು, “ಚೆನ್ನಾಗಿದೆ ಅಜ್ಜಿ” ಎಂದಳು. ಕತ್ತಲಾಗುವ ಮುಂಚೆ ಹೋಗಬೇಕೆಂದು ಎದ್ದು ಒಬ್ಬೊಬ್ಬರ ಕೆನ್ನೆಗೂ ಮುತ್ತಿಟ್ಟಳು. ರೊಹೆಲಿಯೊ ಅವಳನ್ನು ಬಿಟ್ಟು ಬರಲು ಟ್ರಕ್ಕು ತೆಗೆದ. ಜಗುಲಿಯಲ್ಲಿ ನಿಂತ ಲೆತಿಸಿಯಾ ಕೈ ಬೀಸುತ್ತ, “ಅದೃಷ್ಟವಂತೆ ನೀನು ಇಮೆಲ್ಡಾ. ಈಗ ನೋಡು ಎಂಥ ಸೊಗಸಾಗಿದ್ದಾಳೆ ಹುಡುಗಿ” ಎಂದಳು.

ಇಮೆಲ್ಡಾ ಒಳಗೆ ಬಂದು ತಟ್ಟೆಗಳನ್ನು ಎತ್ತತೊಡಗಿದಳು. ನೊಯೆಮಿಯ ತಟ್ಟೆಯಲ್ಲಿ ಸಿಪ್ಪೆ ಅಂದವಾಗಿ ಮಡಚಿಟ್ಟಿತ್ತು. ಅದು ಭಾರವಾಗಿತ್ತು. ಬಿಡಿಸಿ ನೋಡಿದಳು. ತಮಾಲೆ ಪೂರ್ತಿ ಅದರೊಳಗೇ ಇತ್ತು, ಕಾಳು ಕಾಳಾಗಿ ಕತ್ತರಿಸಿದ ಹಾಗೆಯೇ.